ದೇಶಕ್ಕೆ ಕೊಟ್ಟ ಕುರ್ಚಿ

"ಇದರಲ್ಲಿ ಯಾವನು ಕೂರ್ತಾನೆ?"

ಹಲ್ಲಿನ ಡಾಕ್ಟರು ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಕೇಳೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ದವಡೆಯ ಚಿತ್ರವೊಂದಿತ್ತು. ಬಾಯಿ ಪೂರ್ತಿ ತೆರೆದಿದ್ದರೂ ಅದಕ್ಕೆ ಮಾತಾಡುವ ಅಭ್ಯಾಸವಿರಲಿಲ್ಲ. ನೆಲದ ತುಂಬ ಒಣಹುಲ್ಲು, ಮೊಳೆ, ಒಡೆದ ಪೆಟ್ಟಿಗೆಯ ಹಲಗೆ. ಅವುಗಳ ನಡುವೆ, ಕ್ಷೀರಸಾಗರದಿಂದ ಆಗಷ್ಟೇ ಎದ್ದುಬಂದ ಹಾಗೆ, ಹೊಸ ಕುರ್ಚಿ ನಿಂತಿತ್ತು. ಬಣ್ಣ ಗುಲಾಬಿ. ತಲೆಯಿಡುವ ಕಡೆ ಎರಡು ಮೊಲದ ಕಿವಿ. ಕೈಯಿಡುವ ಕಡೆ ಒಂದೊಂದು ಬಾತುಕೋಳಿ. ಒಂದು ಗುಂಡಿ ಒತ್ತಿದರೆ ಏಳುತ್ತಿತ್ತು, ಇನ್ನೊಂದು ಒತ್ತಿದರೆ ಮಲಗುತ್ತಿತ್ತು, ಮತ್ತೊಂದು ಒತ್ತಿದರೆ ಹಾಡುತ್ತಿತ್ತು. ಎಲ್ಲವೂ ಸರಿಯಾಗಿತ್ತು. ಅಳತೆ ಮಾತ್ರ ಬಾಲವಾಡಿಯ ಮಗುವಿನದಾಗಿತ್ತು.

ಇದರಲ್ಲಿ ಡಾಕ್ಟರ ತಪ್ಪೇನೂ ಇಲ್ಲ ಎಂದು ಡಾಕ್ಟರೇ ಹೇಳುತ್ತಾರೆ. ಕಂಪನಿಯವರು ಕಳಿಸಿದ ಚಿತ್ರದಲ್ಲಿ ಕುರ್ಚಿಯೊಂದೇ ಇತ್ತು, ಪಕ್ಕದಲ್ಲಿ ಮನುಷ್ಯನಿರಲಿಲ್ಲ. ಮನುಷ್ಯನಿಲ್ಲದ ಕಡೆ ದೊಡ್ಡದು ಯಾವುದು, ಚಿಕ್ಕದು ಯಾವುದು? ಮೊಲದ ಕಿವಿಗಳನ್ನು ಅವರು ಕತ್ತುನೋವಿನವರಿಗೆ ಮಾಡಿದ ವಿಶೇಷ ಏರ್ಪಾಡೆಂದು ತಿಳಿದಿದ್ದರು.

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಸಾಹುಕಾರರು ದವಡೆಗೆ ಪಂಚೆಯ ತುದಿ ಒತ್ತಿಕೊಂಡು ಒಳಗೆ ಬಂದರು. ಅವರ ಒಂದು ಹಲ್ಲನ್ನು ಡಾಕ್ಟರು ಅರ್ಧ ಕೊರೆದು, ಮೇಲೆ ಮೇಣದಂಥದ್ದೇನೋ ಮೆತ್ತಿ, "ಹೊಸ ಕುರ್ಚಿ ಬರಲಿ, ಉಳಿದದ್ದು ರಾಜಯೋಗದಲ್ಲಿ ಮಾಡೋಣ" ಎಂದು ಕಳಿಸಿದ್ದರು. ಸಾಹುಕಾರರು ರಾಜಯೋಗವನ್ನು ಒಮ್ಮೆ ಸುತ್ತು ಹಾಕಿ ನೋಡಿದರು. ನಂಬಿಕೆಯ ಮನುಷ್ಯ, ಡಾಕ್ಟರು ಬೇಡವೆನ್ನುವ ಮೊದಲೇ ಕೂತುಬಿಟ್ಟರು.

ಕೂತದ್ದು ಸುಲಭವಾಯಿತು. ಏಳುವಾಗ ಕುರ್ಚಿಯೂ ಜೊತೆಗೆ ಎದ್ದಿತು. ಡಾಕ್ಟರು ಬಾತುಕೋಳಿ ಹಿಡಿದು ಆಚೆ ಎಳೆದರೆ, ಸಾಹುಕಾರರು ಬಾಗಿಲ ಚೌಕಟ್ಟು ಹಿಡಿದು ಈಚೆ ಎಳೆದರು. ಯಾವ ಗುಂಡಿ ಎಲ್ಲಿ ಒತ್ತಿಹೋಯಿತೋ, ಕುರ್ಚಿ ಹಾಡತೊಡಗಿತು.

ಬಿಡುಗಡೆಯಾದ ಮೇಲೆ ಸಾಹುಕಾರರು ಉಸಿರು ತೆಗೆದುಕೊಂಡು ಕೇಳಿದರು. "ಡಾಕ್ಟ್ರೇ, ಹಳೇ ಕುರ್ಚಿ ಎಲ್ಲಿ?"

"ಅದನ್ನ ದೇಶಕ್ಕೆ ಕೊಟ್ಟಿದೀನಿ."

"ಯಾಕೆ? ದೇಶಕ್ಕೂ ಹಲ್ಲುನೋವಾ?"

ದೇಶಕ್ಕೆ ಕೊಟ್ಟ ಕಥೆ ಹೀಗೆ. ಆ ಊರಿನ ಶಾಲೆಯಲ್ಲಿ ವಾಯುಪಡೆಯ ಕೆಡೆಟ್ ತುಕಡಿಯೊಂದಿದೆ. ಅದರ ಹೊಣೆ ವಿಜ್ಞಾನದ ಮೇಷ್ಟ್ರದು. ಮೇಷ್ಟ್ರೆಂದರೆ ಡಾಕ್ಟರ ಹೆಂಡತಿಯ ಒಡಹುಟ್ಟಿದ ತಮ್ಮ. ತುಕಡಿಗೆ ಸಮವಸ್ತ್ರವಿತ್ತು, ಟೋಪಿಯಿತ್ತು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವಿತ್ತು, ವಿಮಾನವೊಂದೇ ಇರಲಿಲ್ಲ. ಮಕ್ಕಳು ಬೆಂಚಿನ ಮೇಲೆ ಕೂತು ಹಾರುತ್ತಿದ್ದರು. ಹಿಂದಿನ ಬೆಂಚಿನವರು ತೋಳು ಚಾಚಿದರೆ ಅದೇ ರೆಕ್ಕೆ. ಎಡರೆಕ್ಕೆಗೆ ಜ್ವರ ಬಂದ ದಿನ ಪಾಠ ರದ್ದು.

ಶಾಲೆಯ ವಾರ್ಷಿಕೋತ್ಸವಕ್ಕೆ ಮುಂಚೆ ಮೇಷ್ಟ್ರು ಅಕ್ಕನ ಮನೆಗೆ ಬಂದು, "ಭಾವ, ನಿಮ್ಮ ಕುರ್ಚಿಗೆ ಮೇಲೆ ದೀಪ ಇದೆ, ಮುಂದೆ ತಟ್ಟೆ ಇದೆ, ಕಾಲಲ್ಲಿ ತುಳಿದ್ರೆ ಏರತ್ತೆ, ಸನ್ನೆ ಎಳೆದ್ರೆ ವಾಲತ್ತೆ. ವಿಮಾನದಲ್ಲಿ ಇದಕ್ಕಿಂತ ಇನ್ನೇನಿರತ್ತೆ?" ಎಂದರು. ಹೊಸದು ಹೇಗೂ ಹಡಗಿನಲ್ಲಿ ಬರುತ್ತಿದೆಯಲ್ಲ, ಹಳೆಯದನ್ನು ಕೊಟ್ಟರೆ ವೇದಿಕೆಯ ಮೇಲೆ ಜಾಗ, ಕೊರಳಿಗೆ ಹಾರ. ಡಾಕ್ಟರಿಗೆ ಹಾರದ ಆಸೆಯಿರಲಿಲ್ಲ ಎನ್ನಲಾರೆ. ದಿನವಿಡೀ ತೆರೆದ ಬಾಯಿಗಳನ್ನು ನೋಡಿಯೂ ಒಂದು ಹೊಗಳಿಕೆಯ ಮಾತು ಕೇಳದೆ ಬಾಳಿದ ಜೀವ ಅದು. ಅಂದು ಮೈಕಿನ ಮುಂದೆ ನಿಂತು, "ಈ ಕುರ್ಚಿ ಇನ್ನು ನನ್ನದಲ್ಲ, ಆಕಾಶದ್ದು" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಮರುಳಾಗಿ, "ಯಾರು ಕೇಳಿದರೂ, ನಾನೇ ಕೇಳಿದರೂ, ವಾಪಸ್ ಕೊಡಬೇಡಿ" ಎಂದು ಸೇರಿಸಿದರು. ಪುರಾಣದಲ್ಲಿ ವರ ಕೊಟ್ಟವರಿಗೆ ಆದದ್ದನ್ನು ಬಾಲ್ಯದಿಂದ ಕೇಳಿ ಬೆಳೆದವರೂ, ಕೈಗೆ ಮೈಕು ಬಂದಾಗ ಅದನ್ನು ಮರೆಯುತ್ತಾರೆ.

"ಹೋಗಿ ತರ್ತೀನಿ" ಎಂದು ಡಾಕ್ಟರು ಚಪ್ಪಲಿ ಮೆಟ್ಟಿದರು.

ಹೆಂಡತಿ ಒಳಗಿಂದ ಒರೆಸುವ ಬಟ್ಟೆ ಹಿಡಿದೇ ಬಂದರು. "ಏನ್ರೀ, ಕೊಟ್ಟದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ನಮ್ಮಪ್ಪ ನನ್ನನ್ನ ಈ ಮನೆಗೆ ಕೊಟ್ರು. ಒಂದು ದಿನ ಬಂದು ಕೇಳಿದ್ರಾ?"

"ಕೇಳಿದ್ದಿದ್ರೆ..." ಎಂದು ಡಾಕ್ಟರು ಶುರು ಮಾಡಿದರು. ವಾಕ್ಯವನ್ನು ಮುಗಿಸದಿರುವಷ್ಟು ಬುದ್ಧಿಯನ್ನು ದೇವರು ಅವರಿಗೆ ಕೊಟ್ಟಿದ್ದ.

ಶಾಲೆಯ ಸೈಕಲ್ ಸ್ಟ್ಯಾಂಡು ಈಗ ವಿಮಾನಖಾನೆಯಾಗಿತ್ತು. ಹಾಗೆಂದು ಹಲಗೆಯ ಮೇಲೆ ಬರೆದಿತ್ತು. ಸೈಕಲ್‌ಗಳೆಲ್ಲ ಬಿಸಿಲಲ್ಲಿ ನಿಂತಿದ್ದವು. ಬಾಗಿಲಲ್ಲಿ ತುಕಡಿಯ ನಾಯಕಿ, ಬೂಟು ಜೋಡಿಸಿ, ಗದ್ದ ಎತ್ತಿ ನಿಂತಿದ್ದಳು. ಈಕೆ ಡಾಕ್ಟರ ಒಬ್ಬಳೇ ಮಗಳು. ಬೆಳಿಗ್ಗೆ ತಾನೇ ಜಡೆಯ ರಿಬ್ಬನ್ ಸಿಕ್ಕಲಿಲ್ಲವೆಂದು ಮನೆಯೆಲ್ಲ ಒಂದು ಮಾಡಿದವಳು.

"ಸರ್, ನಾಗರಿಕರಿಗೆ ಪ್ರವೇಶ ಇಲ್ಲ."

"ಯಾವ ಸರ್? ನಾನು ಕಣೇ, ನಿಮ್ಮಪ್ಪ."

"ಗೊತ್ತು ಸರ್. ಅಪ್ಪಂದಿರೂ ನಾಗರಿಕರೇ."

"ನಿನ್ನ ಹಾಲುಹಲ್ಲು ಇದೇ ಕುರ್ಚಿಯಲ್ಲಿ ಕಿತ್ತಿದ್ದು ನಾನು. ಆಗ ಎಷ್ಟು ಕಿರುಚಿದೆ ಅಂತ ಇವರಿಗೆಲ್ಲ ಹೇಳ್ಲಾ?"

ನಾಯಕಿಯ ಕಿವಿ ಕೆಂಪಾಯಿತು, ಗದ್ದ ಇಳಿಯಲಿಲ್ಲ. ಡಾಕ್ಟರು ಅವಳ ಭುಜದಾಚೆ ಇಣುಕಿದರು. ಇಣುಕಿದವರು ಕಂಬ ಹಿಡಿದುಕೊಂಡರು. ಅವರ ಕುರ್ಚಿಗೆ ಬೂದು ಬಣ್ಣ ಬಳಿದಿದ್ದರು. ಬೆನ್ನಿಗೆ ವಾಯುಪಡೆಯ ಗುರುತಿನಂತೆ ವೃತ್ತದೊಳಗೆ ವೃತ್ತ ಬರೆದು, ಕೂರುವಲ್ಲಿ ಬೆಲ್ಟು ಜೋಡಿಸಿದ್ದರು. ಇಕ್ಕಳ ಇಡುತ್ತಿದ್ದ ತಟ್ಟೆಯ ತುಂಬ ಕೆಟ್ಟ ಗಡಿಯಾರಗಳನ್ನು ಅಂಟಿಸಿ, 'ಎತ್ತರ', 'ವೇಗ', 'ಇಂಧನ' ಎಂದು ಚೀಟಿ ಹಚ್ಚಿದ್ದರು. ರೋಗಿಗಳು ಉಗುಳುತ್ತಿದ್ದ ಬೋಗುಣಿಯೊಳಗೆ ಎಂಟು ದಿಕ್ಕು ಬರೆದಿತ್ತು. ಒಬ್ಬ ಕೆಡೆಟ್ ಮೇಲೆ ಕೂತು ಬೋಗುಣಿಯನ್ನೇ ನೋಡುತ್ತ "ಈಶಾನ್ಯಕ್ಕೆ ಹೋಗ್ತಿದೀನಿ" ಎನ್ನುತ್ತಿದ್ದ. ಇನ್ನೊಬ್ಬಳು ಎದುರಿಗೆ ನಿಂತು, ಟೇಬಲ್ ಟೆನಿಸ್ ಬ್ಯಾಟುಗಳನ್ನು ಎರಡೂ ಕೈಯಲ್ಲಿ ಬೀಸಿ ಅವನನ್ನು ನೆಲಕ್ಕೆ ಇಳಿಸುತ್ತಿದ್ದಳು.

"ಮೇಷ್ಟ್ರೇ," ಎಂದರು ಡಾಕ್ಟರು, ಸಿಟ್ಟು ಬಂದಾಗ ಭಾವಮೈದನನ್ನು ಹಾಗೇ ಕರೆಯುವುದು, "ನನ್ನ ಕುರ್ಚಿ ಕೊಡಿ."

ಮೇಷ್ಟ್ರು ಸಮವಸ್ತ್ರದಲ್ಲಿದ್ದರು. ತೆಳ್ಳಗಿನ ಆಳು, ಸೊಂಟದ ಪಟ್ಟಿಗೆ ಮನೆಯಲ್ಲೇ ಹೆಚ್ಚುವರಿ ತೂತು ಹೊಡೆದುಕೊಂಡಿದ್ದರು. "ಭಾವ, ಅದು ಈಗ ಕುರ್ಚಿ ಅಲ್ಲ."

"ಮತ್ತೆ?"

"ವಿಮಾನ. ತರಬೇತಿ ವಿಮಾನ ಅಂತ ಮೇಲಿನವರಿಗೆ ತಿಳಿಸಿಯಾಗಿದೆ. ಅದನ್ನ ನೋಡೋಕೆ ದೊಡ್ಡ ಅಧಿಕಾರಿಗಳೇ ಬರ್ತಿದಾರೆ. ಈಗ ನಾನು ಕೊಟ್ರೆ ವಿಮಾನ ಎಲ್ಲಿ ಅಂತ ಕೇಳ್ತಾರೆ. ನಮ್ಮ ಭಾವ ಹಲ್ಲು ಕೀಳೋಕೆ ತಗೊಂಡು ಹೋದ್ರು ಅನ್ನಲಾ?"

"ಊರಲ್ಲಿ ಹಲ್ಲಿನ ಡಾಕ್ಟರು ನಾನೊಬ್ಬನೇ. ಜನ ಬಸ್ಸು ಹತ್ತಿ ಪಕ್ಕದೂರಿಗೆ ಹೋಗ್ತಿದಾರೆ. ಇನ್ನು ಸ್ವಲ್ಪ ದಿನ ಹೀಗೇ ಆದ್ರೆ ನಾನು ಬಾಗಿಲು ಮುಚ್ಚಬೇಕು."

"ಹೊಸದು ಬಂದಿದೆಯಲ್ಲ ಭಾವ. ಹಾಡತ್ತಂತೆ."

ಇದಕ್ಕೆ ಡಾಕ್ಟರು ಕೊಟ್ಟ ಉತ್ತರವನ್ನು ಮಕ್ಕಳಿದ್ದ ಕಾರಣ ಇಲ್ಲಿ ಬರೆಯುವುದಿಲ್ಲ.

ಊರಿಗೆ ಸುದ್ದಿ ತಿಳಿದದ್ದೇ ಎಲ್ಲರೂ ನ್ಯಾಯ ಹೇಳಲು ಬಂದರು. ಇಸ್ತ್ರಿಯವರು, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ದೊಡ್ಡೋರು ಸುಮ್ನೆ ಅಂದಿಲ್ಲ" ಎಂದರು. ಅಂಚೆಯವರು, "ಆಕಾಶದ್ದು ಅಂತ ನೀವೇ ಅಂದ್ರಲ್ಲ, ನಾನು ಮುಂದಿನ ಸಾಲಲ್ಲೇ ಇದ್ದೆ" ಎಂದರು. ಎದುರು ಮನೆಯ ಅಜ್ಜಿ ಮಾತ್ರ ಬಾಯ್ತುಂಬ ಹರಸಿದರು. ಅವರಿಗೆ ಹಲ್ಲಿರಲಿಲ್ಲ, ಈ ವ್ಯಾಜ್ಯದಲ್ಲಿ ಅವರಷ್ಟು ನಿರ್ಲಿಪ್ತರು ಇನ್ನಾರೂ ಇರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಡಾಕ್ಟರನ್ನು ಕೂರಿಸಿ, ನೀರು ಕೊಟ್ಟು, "ನೀವು ಕೊಟ್ಟ ಮಾತನ್ನ ನಾವು ಉಳಿಸಿಕೊಡ್ತೀವಿ" ಎಂದು ಸಮಾಧಾನ ಹೇಳಿ ಕಳಿಸಿದರು.

ಅಷ್ಟರಲ್ಲಿ ಸಾಹುಕಾರರ ಮೇಣ ಉದುರಿತು.

ಅವರು ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಸಹ ಕೊಡವದೆ, ಬೆಳ್ಳಗೆ ಬಂದು ನಿಂತರು. ಡಾಕ್ಟರು ಅವರನ್ನು ಊಟದ ಕುರ್ಚಿಯಲ್ಲಿ ಕೂರಿಸಿದರು, ಬೆಳಕು ಸಾಲಲಿಲ್ಲ. ಅಂಗಳದಲ್ಲಿ ಮಲಗಿಸಿದರು, ಕಾಗೆ ಬಂತು. ಕೊನೆಗೆ ಕೈಚೀಲಕ್ಕೆ ಕನ್ನಡಿ, ಸೂಜಿ, ಇಕ್ಕಳ ತುಂಬಿ, "ನಡೀರಿ, ನನ್ನ ಕುರ್ಚಿ ಇರೋ ಕಡೆ ನನ್ನ ಆಸ್ಪತ್ರೆ" ಎಂದು ರೋಗಿಯನ್ನು ಶಾಲೆಗೇ ನಡೆಸಿದರು.

ಮೇಷ್ಟ್ರು ತರಗತಿಯಲ್ಲಿದ್ದರು. ಬಾಗಿಲಲ್ಲಿ ನಾಯಕಿ.

"ಇವರನ್ನ ಒಂದು ಗಳಿಗೆ ಕೂರಿಸ್ಬೇಕಮ್ಮಾ" ಎಂದರು ಡಾಕ್ಟರು, ಮನೆಯಲ್ಲಿ ಎಂದೂ ಬಳಸದ ದನಿಯಲ್ಲಿ.

"ಕೂರೋರಿಗೆಲ್ಲ ಮೊದಲು ಆರೋಗ್ಯ ತಪಾಸಣೆ ಸರ್." ಅವಳು ಸಾಹುಕಾರರ ಕಡೆ ತಿರುಗಿದಳು. "ಕಣ್ಣು ಸರಿಯಾಗಿ ಕಾಣತ್ತಾ?"

"ಕಾಣತ್ತೆ ತಾಯಿ."

"ಕಿವಿ?"

"ಗಿರಣಿಯೋನು. ಸ್ವಲ್ಪ ಮಂದ."

"ನೋವು ಏನಾದ್ರೂ?"

"ಅದಕ್ಕೇ ತಾನೇ ಬಂದಿರೋದು. ಹಲ್ಲು, ತಾಯಿ, ಹಲ್ಲು. ಪ್ರಾಣ ಹೋಗ್ತಿದೆ."

"ನೋವಿರೋರಿಗೆ ಹಾರೋಕೆ ಅನುಮತಿ ಇಲ್ಲ. ವಾಸಿ ಮಾಡಿಸ್ಕೊಂಡು ಬನ್ನಿ."

ಸಾಹುಕಾರರು ಡಾಕ್ಟರನ್ನು ನೋಡಿದರು. ಡಾಕ್ಟರು ಮಗಳನ್ನು ನೋಡಿದರು. ಎಷ್ಟು ಚೆನ್ನಾಗಿ ಬೆಳೆಸಿದ್ದೇನೆ ಎಂಬ ಹೆಮ್ಮೆಯೂ, ಯಾಕಾದರೂ ಬೆಳೆಸಿದೆನೋ ಎಂಬ ಸಿಟ್ಟೂ ಒಂದೇ ಗಂಟಲಲ್ಲಿ ಸಿಕ್ಕಿಕೊಂಡು ಅವರಿಗೆ ಕೆಮ್ಮು ಬಂತು. "ನ್ಯಾಯ ಅಂತ ಒಂದಿದೆಯೋ ಇಲ್ವೋ?" ಎಂದು ಅವರು ಗಾಳಿಚೀಲಕ್ಕೆ ಕೇಳಿದರು. ಗಾಳಿಚೀಲ ಆಚೆ ಮುಖ ತಿರುಗಿಸಿತು.

ಅಧಿಕಾರಿಗಳು ಬರುವ ದಿನ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎದೆಯ ಜೇಬಿಗೆ ಎಂದಿನಂತೆ ಹಲ್ಲು ನೋಡುವ ಪುಟ್ಟ ಕನ್ನಡಿ ಸಿಕ್ಕಿಸಿಕೊಂಡು, ಶಾಲೆಗೆ ಹೋದರು. ದಾನಿಯೆಂದು ಆಹ್ವಾನವಿತ್ತು. ನೇರವಾಗಿ ದೊಡ್ಡವರಿಗೇ ದೂರು ಹೇಳುವುದು ಅವರ ಸಂಕಲ್ಪ. ಎರಡು ರಾತ್ರಿ ನಿದ್ದೆಗೆಟ್ಟು ಮಾತು ಜೋಡಿಸಿದ್ದರು. "ಮಾನ್ಯರೇ, ದಾನ ಬೇರೆ, ದರೋಡೆ ಬೇರೆ" ಎಂದು ಅದರ ಆರಂಭ.

ಮೈದಾನದಲ್ಲಿ ತುಕಡಿ ಸಾವಧಾನದಲ್ಲಿ ನಿಂತಿತ್ತು. ಅಧಿಕಾರಿಗಳು ಎತ್ತರದ ಆಳು, ನಡೆದರೆ ನೆಲಕ್ಕೆ ಕೇಳಿಸುವಂತಿತ್ತು. ಸಾಲಿನ ಉದ್ದಕ್ಕೂ ನಡೆದು, ಬೂಟು ನೋಡಿ, ಟೋಪಿ ನೋಡಿ, ಒಬ್ಬನ ಗುಂಡಿಯನ್ನು ತಾವೇ ಸರಿಮಾಡಿ, ನಕ್ಕರು. ಎಡಗಡೆಯಿಂದ ಮಾತ್ರ ನಕ್ಕರು. ಇದನ್ನು ಆ ಮೈದಾನದಲ್ಲಿ ಒಬ್ಬರೇ ಗಮನಿಸಿದರು.

ಆಮೇಲೆ ಎಲ್ಲರೂ ವಿಮಾನಖಾನೆಗೆ ಬಂದರು. ಹಿಂದೆ ಅಧಿಕಾರಿಗಳ ಲಾರಿಯೂ ಬಂದು ನಿಂತಿತು. ಪೋಷಕರು, ಅಂಚೆಯವರು, ಇಸ್ತ್ರಿಯವರು, ದವಡೆ ಕಟ್ಟಿಕೊಂಡ ಸಾಹುಕಾರರು, ಎಲ್ಲರೂ ಸುತ್ತ ನೆರೆದರು. ನಾಯಕಿ ಸಲ್ಯೂಟ್ ಹೊಡೆದಳು.

"ನಾನೇ ಹಾರಿ ನೋಡ್ತೀನಿ" ಎಂದರು ಅಧಿಕಾರಿಗಳು, ಮತ್ತು ಏರಿ ಕೂತರು.

"ಬೆಲ್ಟ್?" ನಾಯಕಿ ಕೂಗಿದಳು.

"ಸರಿ."

"ಇಂಧನ?"

ಅಧಿಕಾರಿಗಳು ಕೆಟ್ಟ ಗಡಿಯಾರವನ್ನು ಗಂಭೀರವಾಗಿ ನೋಡಿ, "ಸರಿ" ಎಂದರು.

"ಬಾಗಿಲು?"

"ಇಲ್ಲ."

"ಇಲ್ಲದಿದ್ರೆ ಅದೂ ಸರಿ ಸರ್. ಏರಿ."

ಕೆಡೆಟ್ ಒಬ್ಬ ತುಳಿದ, ಕುರ್ಚಿ ಏರಿತು. ಮೇಷ್ಟ್ರು ಸನ್ನೆ ಎಳೆದರು. ಕುರ್ಚಿ ಹಿಂದಕ್ಕೆ ವಾಲಿತು. ತಲೆಯ ಮೇಲಿನ ದೀಪ, ಅದು ಸೂರ್ಯ, ಹೊತ್ತಿಕೊಂಡಿತು. ಬೆಳಕು ಅಧಿಕಾರಿಗಳ ಮುಖದ ಮೇಲೆ ಬಿತ್ತು.

ಇಲ್ಲಿ ನಡೆದದ್ದಕ್ಕೆ ಡಾಕ್ಟರನ್ನು ದೂರಬಾರದು. ಆ ಕುರ್ಚಿ ವಾಲಿ, ಆ ದೀಪ ಹೊತ್ತಿ, ಒಂದು ಮುಖ ಹಾಗೆ ಮೇಲೆ ನೋಡಿದಾಗ, ಇಷ್ಟು ವರ್ಷ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿ, ಕನ್ನಡಿ ಜೇಬಿನಿಂದ ಹೊರಬಂದು, ಡಾಕ್ಟರು ಮುಂದೆ ಬಾಗಿ ಹೇಳಿದರು.

"ಬಾಯಿ ತೆಗೀರಿ."

ಅಧಿಕಾರಿಗಳು ತೆಗೆದರು. ಆಜ್ಞೆ ಕೊಟ್ಟವರಾರೆಂದು ಕೇಳಿ ಪಾಲಿಸುವ ಪದ್ಧತಿ ಪಡೆಗಳಲ್ಲಿಲ್ಲ. ಸಾಲಾಗಿ ನಿಂತ ತುಕಡಿಯೂ ಬಾಯಿ ತೆಗೆಯಿತು. ಮೇಷ್ಟ್ರೂ ತೆಗೆದರು. ಸಾಹುಕಾರರು ಕಟ್ಟು ಬಿಚ್ಚಿ ತೆಗೆದರು.

"ಬಲಗಡೆ, ಕೊನೇದು, ಬೇರಿನವರೆಗೂ ಹೋಗಿದೆ" ಎಂದರು ಡಾಕ್ಟರು. "ಇದನ್ನ ಇಟ್ಕೊಂಡು ಹೇಗೆ ಊಟ ಮಾಡ್ತೀರಿ?" ಎಂದು ಕನ್ನಡಿಯ ಹಿಡಿಯಿಂದ ಹಲ್ಲಿಗೆ ಮೆಲ್ಲಗೆ ತಟ್ಟಿದರು.

ಅಧಿಕಾರಿಗಳಿಂದ ಒಂದು ಸದ್ದು ಹೊರಟಿತು. ಮರದ ಮೇಲಿನ ಹಕ್ಕಿಗಳು ಎದ್ದವು. ಇಡೀ ದಿನದಲ್ಲಿ ನಿಜವಾಗಿ ಹಾರಿದ್ದು ಅವು ಮಾತ್ರ.

ಅವರು ಬೆಲ್ಟು ಬಿಚ್ಚಿ ನೆಟ್ಟಗೆ ನಿಂತರು. ಕಣ್ಣಲ್ಲಿ ನೀರಿತ್ತು, ಆದರೆ ಮರ್ಯಾದೆ ದೊಡ್ಡದು. "ಯಾರಿವರು?"

"ದಾನಿಗಳು ಸರ್" ಎಂದರು ಮೇಷ್ಟ್ರು. ಸ್ವಲ್ಪ ತಡೆದು, "ನಮ್ಮ ಭಾವ" ಎಂದರು.

"ನನ್ನ ಹಲ್ಲಿಗೆ ಏನೂ ಆಗಿಲ್ಲ" ಎಂದು ಅಧಿಕಾರಿಗಳು ಸಭೆಗೆ ತಿಳಿಸಿದರು. "ಇನ್ನು ಈ ಉಪಕರಣ. ನನ್ನ ಸೇವೆಯಲ್ಲಿ ಇಂಥದ್ದು ನೋಡಿಲ್ಲ. ಇದು ಒಂದು ಶಾಲೆಯಲ್ಲಿ ಇರೋ ವಸ್ತು ಅಲ್ಲ. ಕೇಂದ್ರ ಕಚೇರಿಗೆ ಬರಲಿ, ಎಲ್ಲರೂ ನೋಡಲಿ. ಲಾರಿಗೆ ಹಾಕಿ."

ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು. ಮೇಷ್ಟ್ರ ಮುಖ ಅವರ ಸೊಂಟದಷ್ಟೇ ಸಣ್ಣದಾಯಿತು.

ನಾಯಕಿಯ ಗದ್ದ ಮೊದಲ ಸಲ ಇಳಿಯಿತು. "ಸರ್, ನಾವು ಯಾವುದರಲ್ಲಿ ಹಾರೋದು?"

"ಮೊದಲು ಯಾವುದರಲ್ಲಿ ಹಾರ್ತಿದ್ರಿ?"

"ಬೆಂಚಲ್ಲಿ ಸರ್."

"ಬೆಂಚು ಒಳ್ಳೇದು" ಎಂದರು ಅಧಿಕಾರಿಗಳು. ಗೆದ್ದ ಹುರುಪಿನಲ್ಲಿ, ತಟ್ಟೆಯಲ್ಲಿ ಬಂದ ತಣ್ಣನೆಯ ಶರಬತ್ತನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು. ಕುಡಿದು, ಕಣ್ಣು ಮುಚ್ಚಿ, ಕಂಬಕ್ಕೆ ಒರಗಿದರು.

ಲಾರಿಯ ಇಬ್ಬರು ಹಗ್ಗ ಹಿಡಿದು ಒಳಗೆ ಬರುವಷ್ಟರಲ್ಲಿ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಹಲ್ಲಿನ ಡಾಕ್ಟರು. ತಮ್ಮ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು. ಇಷ್ಟು ವರ್ಷ ಪಕ್ಕದಲ್ಲಿ ನಿಂತೇ ಕಳೆದಿದ್ದರು. ಎಷ್ಟು ಮೆತ್ತಗಿದೆ ಎಂದು ಅವರಿಗೆ ಆಶ್ಚರ್ಯವಾಯಿತು.

"ಇದರ ಮೇಲೆ ಜನ ಕೂತಿದಾರೆ ಸರ್" ಎಂದು ಹಗ್ಗದವನು ವರದಿ ಮಾಡಿದ.

"ಇಳಿಸಿ" ಎಂದರು ಅಧಿಕಾರಿಗಳು ಕೆನ್ನೆ ಹಿಡಿದೇ.

ನಾಯಕಿ ಮುಂದೆ ಬಂದಳು. ಎಲ್ಲರೂ ಅವಳು ಎಳೆದು ಇಳಿಸುತ್ತಾಳೆಂದೇ ತಿಳಿದರು. ಅವಳು ಬಾಗಿ, ಅಪ್ಪನ ಹೊಟ್ಟೆಯ ಮೇಲೆ ಬೆಲ್ಟು ಎಳೆದು, ಟಕ್ಕೆಂದು ಹಾಕಿದಳು. "ಬೆಲ್ಟ್ ಸರಿ ಸರ್" ಎಂದಳು. ಯಾವ ಸರ್‌ಗೆ ಹೇಳಿದಳೋ ತಿಳಿಯಲಿಲ್ಲ. ಮೇಷ್ಟ್ರು ಬೇರೆ ಕಡೆ ನೋಡುತ್ತ ಕಾಲಿನಿಂದ ತುಳಿಯತೊಡಗಿದರು. ಕುರ್ಚಿ ಮೆಲ್ಲಮೆಲ್ಲಗೆ ಏರಿ, ಹಗ್ಗದವರ ಕೈಗೆ ಎಟುಕದ ಎತ್ತರದಲ್ಲಿ ನಿಂತಿತು.

ಅಧಿಕಾರಿಗಳು ಹತ್ತಿರ ಬಂದರು. ಈಗ ಅವರ ನಡಿಗೆ ನೆಲಕ್ಕೆ ಕೇಳಿಸುತ್ತಿರಲಿಲ್ಲ. ಬಲಗೆನ್ನೆ ಎಡಗೆನ್ನೆಗಿಂತ ಹಿರಿಯದಾಗಿತ್ತು.

"ಪಕ್ಕದೂರಲ್ಲಿ ಡಾಕ್ಟರಿದಾರಾ?" ಎಂದು ಚಾಲಕನನ್ನು ಕೇಳಿದರು.

"ಇದಾರೆ ಸರ್. ರಸ್ತೆ ಕೆಟ್ಟಿದೆ, ಲಾರಿ ಸ್ವಲ್ಪ ಕುಲುಕಾಡತ್ತೆ."

ಆ ಮಾತು ಕೇಳಿದ್ದೇ ಅಧಿಕಾರಿಗಳು ಎರಡೂ ಕೈಯಲ್ಲಿ ದವಡೆ ಹಿಡಿದರು. ಮೇಲೆ ನೋಡಿದರು. "ಡಾಕ್ಟ್ರೇ, ಬ್ಯಾಗು ತಂದಿದೀರಾ?"

"ಮನೆ ಹತ್ತಿರಾನೇ ಇದೆ. ತರಿಸ್ಬಹುದು."

"ಕೀಳಬಹುದಾ?"

"ಈ ಕುರ್ಚಿ ಇದ್ರೆ ಒಂದು ನಿಮಿಷದ ಕೆಲಸ. ಈ ಕುರ್ಚಿ ಊರಲ್ಲೇ ಇರತ್ತೆ, ಬೆಳಿಗ್ಗೆ ನನ್ನ ಕೋಣೇಲಿ, ಸಂಜೆ ಮಕ್ಕಳ ಹತ್ತಿರ, ಅಂತ ಒಂದು ಮಾತು ಹೇಳಿ."

ಕಷ್ಟಪಟ್ಟು ಅಧಿಕಾರಿಗಳು ಬೆನ್ನು ನೆಟ್ಟಗೆ ಮಾಡಿದರು. "ಆಜ್ಞೆ ಕೊಟ್ಟಾಗಿದೆ. ಕೊಟ್ಟದ್ದನ್ನ ಎಲ್ಲರೆದುರು ವಾಪಸ್ ತಗೊಂಡ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಅದು ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎಂದರು ಡಾಕ್ಟರು. "ಕುರ್ಚಿಗೋಸ್ಕರ ನಾನು ಸ್ವಂತ ಮಗಳ ಕಾಲು ಹಿಡಿಯೋದೊಂದು ಬಾಕಿ ಇತ್ತು. ನಿಮ್ಮದು ಒಂದು ಮಾತು ಸ್ವಾಮಿ, ಒಂದೇ ಮಾತು."

ಲಾರಿಯ ಇಂಜಿನ್ ಗುರುಗುಟ್ಟುತ್ತಿತ್ತು. ಹಗ್ಗದವರು ಹಗ್ಗ ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತಿ ನಿಂತಿದ್ದರು. ಸಾಹುಕಾರರು ಅಧಿಕಾರಿಗಳ ಪಕ್ಕಕ್ಕೆ ಬಂದು, ನೋವಿನವರಿಗೆ ನೋವಿನವರೇ ನೆಂಟರೆಂಬಂತೆ, ತಮ್ಮ ದವಡೆಯ ಬಟ್ಟೆ ಬಿಚ್ಚಿ ಕೊಟ್ಟರು. ಅಧಿಕಾರಿಗಳು ಒಂದು ಗಳಿಗೆ ಅದನ್ನು ನೋಡಿ, ಇಸಿದುಕೊಂಡು, ಟೋಪಿ ತೆಗೆದು ತಲೆಗೆ ಕಟ್ಟಿಕೊಂಡರು. ಕಟ್ಟಿಕೊಂಡ ಮೇಲೆ ಅವರಿಗೂ ಸಾಹುಕಾರರಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

"ಡಾಕ್ಟ್ರೇ," ಎಂದರು, ಬಟ್ಟೆಯೊಳಗಿಂದ, ಯಾವ ಮೈದಾನದಲ್ಲೂ ಬಳಸದ ದನಿಯಲ್ಲಿ, "ಕುರ್ಚಿ ವಿಚಾರ ಆಮೇಲೆ ನೋಡೋಣ. ಮೊದಲು ನನ್ನ ಹಲ್ಲು. ದಯವಿಟ್ಟು ಇಳೀರಿ."

ಡಾಕ್ಟರು ಬೋಗುಣಿಯೊಳಗಿನ ಎಂಟು ದಿಕ್ಕುಗಳನ್ನೂ ಒಮ್ಮೆ ನೋಡಿದರು. ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಚೆನ್ನಾಗಿ ಊರಿದರು.

"ಇಳಿಯಲ್ಲ" ಎಂದರು.